ಏನೂ ಆಗದ ವರ್ಷದಲ್ಲಿ ಹುಟ್ಟಿದವನು

ಬರೆಯಲು ಕೂರುವ ಮೊದಲು ಡೈರಿ ತೆಗೆದು ನೋಡಿದೆ. ನೋಡದೆ ಬರೆದಿದ್ದರೆ ಈ ಬರಹದಲ್ಲಿ ನಾನು ಇನ್ನೂ ಸ್ವಲ್ಪ ಒಳ್ಳೆಯವನಾಗಿ ಕಾಣುತ್ತಿದ್ದೆ. ಕಳೆದೊಂದು ವರ್ಷದಲ್ಲಿ ಈ ಕತೆಯನ್ನು ನಾಲ್ಕಾರು ಮಂದಿಗೆ ಹೇಳಿದ್ದೇನೆ. ಪ್ರತಿ ಸಲವೂ ‘ಆ ಮಾತು ಬಾಯಿ ತಪ್ಪಿ ಬಂದುಬಿಟ್ಟಿತು’ ಎಂದೇ ಹೇಳಿದ್ದೇನೆ, ಹಾಗೆಂದೇ ನಂಬಿಯೂ ಇದ್ದೆ. ಬಾಯಿ ತಪ್ಪಿ ಬಂದದ್ದಲ್ಲ ಎಂದು ನನ್ನದೇ ಕೈಬರಹ ಹೇಳುತ್ತಿದೆ. ಅದನ್ನು ಅದರ ಜಾಗ ಬಂದಾಗ ಬರೆಯುತ್ತೇನೆ.

ನಾವು ಇರುವುದು ಕತಾರಿನ ಅಲ್ ಖೋರ್‌ನಲ್ಲಿ. ಬೆಳಿಗ್ಗೆ ಕಂಪೆನಿ ಬಸ್ಸಿನಲ್ಲಿ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿಗೆ ಹೋಗುವುದು, ಸಂಜೆ ಅದರಲ್ಲೇ ವಾಪಸು. ನನ್ನದು ಡಾಕ್ಯುಮೆಂಟ್ ಕಂಟ್ರೋಲರ್ ಕೆಲಸ. ಯಾವ ನಕ್ಷೆಯ ಎಷ್ಟನೆಯ ಪ್ರತಿ ಸರಿಯಾದದ್ದು, ಯಾವುದನ್ನು ರದ್ದು ಮಾಡಿ ತೆಗೆದಿಡಬೇಕು ಎಂದು ನೋಡಿಕೊಳ್ಳುವವನು. ಬಸ್ಸಿನಲ್ಲಿ ಎಡಗಡೆಯ ನಾಲ್ಕನೇ ಸಾಲಿನಲ್ಲಿ ನನ್ನ ಪಕ್ಕ ಆರು ವರ್ಷಗಳಿಂದ ಕೂರುತ್ತಿದ್ದವನು ನೈಜೀರಿಯಾದ ಒಬ್ಬ ವೆಲ್ಡಿಂಗ್ ಇನ್‌ಸ್ಪೆಕ್ಟರ್. ನೈಜೀರಿಯಾದವನು ಎಂದರೆ ಅವನು ತಿದ್ದುತ್ತಾನೆ. ಅವನ ಜನ ಎಜಗಾಮ್. ನೈಜೀರಿಯಾದ ಆಗ್ನೇಯ ಮೂಲೆಯಲ್ಲಿ ಅರ್ಧ, ಗಡಿ ದಾಟಿ ಕ್ಯಾಮರೂನಿನಲ್ಲಿ ಅರ್ಧ ಇರುವ ಕಾಡಿನ ಸೀಮೆಯವರು. ‘ಗಡಿ ಬಂದದ್ದು ಆಮೇಲೆ, ನಾವು ಇದ್ದದ್ದು ಮೊದಲು’ ಎನ್ನುತ್ತಿದ್ದ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತು ಇಲ್ಲಿ ಎಲ್ಲರ ಬಾಯಲ್ಲಿ ಬರೀ ‘ಇಂಡಿಯನ್’ ಆಗಿರುವ ನನಗೆ ಆ ತಿದ್ದುವಿಕೆ ಅರ್ಥವಾಗುತ್ತಿತ್ತು. ನಾವಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಅವನ ಮಾತನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದ್ದರಿಂದ ಅಲ್ಲಿಯೂ ಸ್ವಲ್ಪ ನಾನೇ ಸೇರಿಕೊಂಡಿರುತ್ತೇನೆ.

ಕಳೆದ ವರ್ಷ ಸೆಕೆ ಇನ್ನೂ ಇಳಿಯದಿದ್ದ ಒಂದು ಬೆಳಿಗ್ಗೆ ಅವನು ಬಸ್ಸು ಹತ್ತಿ ಕೂತವನೇ ಕೇಳಿದ, ‘ಬ್ರದರ್, ನೀನು ಹುಟ್ಟಿದ್ದು ನನ್ನ ವರ್ಷವೇ ಅಲ್ಲವೆ? ನಿನ್ನ ಗೇಟ್ ಪಾಸಿನ ಅರ್ಜಿಯಲ್ಲಿ ನೋಡಿದೆ.’

‘ಹೌದು,’ ಎಂದೆ. ಜೂನ್ ಒಂದನೇ ತಾರೀಖು. ಪಾಸ್‌ಪೋರ್ಟಿನಲ್ಲಿ ಹಾಗೇ ಇದೆ. ನಮ್ಮ ಕಡೆ ನನ್ನ ವಯಸ್ಸಿನ ಅರ್ಧಕ್ಕರ್ಧ ಮಂದಿ ಜೂನ್ ಒಂದಕ್ಕೆ ಹುಟ್ಟಿದವರು, ಏಕೆಂದರೆ ಶಾಲೆ ಶುರುವಾಗುವುದು ಅಂದು. ಇದನ್ನು ಅವನಿಗೆ ಆಗ ಹೇಳಲಿಲ್ಲ. ಕೇಳಿದ್ದು ಬೆಳಗಿನ ಐದೂವರೆಗೆ, ಬಸ್ಸಿನಲ್ಲಿ. ಅಷ್ಟು ಉದ್ದದ ಉತ್ತರ ಬೇಕಾದ ಪ್ರಶ್ನೆ ಅದು ಎಂದು ನನಗೆ ಅನ್ನಿಸಿರಲಿಲ್ಲ.

ಅವನು ಹೇಳಿದ ವಿಷಯ ಇಷ್ಟು. ಅವನ ಊರಿನಲ್ಲಿ ಎರಡು ಮೂರು ವರ್ಷಗಳ ಒಳಗೆ ಹುಟ್ಟಿದ ಗಂಡಸರೆಲ್ಲ ಒಂದು ಗುಂಪು. ನಾವು ಓರಗೆಯವರು ಎನ್ನುತ್ತೇವಲ್ಲ, ಹಾಗೆ. ಆದರೆ ನಮ್ಮಲ್ಲಿ ಅದು ಬರೀ ಮಾತು, ಅವರಲ್ಲಿ ಅದಕ್ಕೆ ಹೆಸರಿದೆ, ಕುಣಿತ ಇದೆ, ಕೆಲಸ ಇದೆ. ದಾರಿ ಸವರುವುದು, ಊರಿನ ಸಭಾಮನೆಗೆ ಚಾವಣಿ ಹೊದಿಸುವುದು, ಸತ್ತವರಿಗೆ ಗುಂಡಿ ತೋಡುವುದು, ಎಲ್ಲವನ್ನೂ ಓರಗೆಯೇ ಮಾಡಬೇಕು. ವಯಸ್ಸಾದ ಹಾಗೆ ಓರಗೆ ಇಡಿಯಾಗಿ ಮೇಲೇರುತ್ತದೆ. ಆ ವರ್ಷ ಹೊಸ ಯಾಮ್ ಗೆಣಸಿನ ಹಬ್ಬಕ್ಕೆ ಅವನ ಓರಗೆ ಕೆಲಸ ಮಾಡುವವರ ಸಾಲಿನಿಂದ ಕೂತು ಮಾತಾಡುವವರ ಸಾಲಿಗೆ ಏರುವುದಿತ್ತು. ಏರುವವರು ಊರಿನ ಮುಂದೆ ಹುಟ್ಟಿದ ಕ್ರಮದಲ್ಲಿ ಸಾಲಾಗಿ ನಿಂತು ಕುಣಿಯಬೇಕು. ಕುಣಿದವನು ಏರಿದ, ಕುಣಿಯದವನು ಕೆಳಗೇ ಉಳಿದ.

‘ರಜೆ ಕೇಳಿದ್ದೀಯಾ?’

‘ಕೇಳಿದೆ. ಶಟ್‌ಡೌನ್. ಮಾಫಿ ರಜೆ.’

ಮಾಫಿ ಎಂದರೆ ಇಲ್ಲಿಯ ಅರಬ್ಬಿಯಲ್ಲಿ ‘ಇಲ್ಲ’. ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಆ ಆರು ವಾರಗಳಲ್ಲಿ ಇನ್‌ಸ್ಪೆಕ್ಟರ್‌ಗಳಿಗೆ ಯಾರೂ ರಜೆ ಕೊಡುವುದಿಲ್ಲ. ಓರಗೆಯ ಹಿಂದಿನ ಎರಡು ಕುಣಿತಗಳನ್ನೂ ಅವನು ಹೀಗೆಯೇ ಕಳೆದುಕೊಂಡಿದ್ದ. ಮೂರು ವರ್ಷಗಳಲ್ಲಿ ಕೆಲಸ ಬಿಟ್ಟು ಊರಿಗೆ ಹೋಗುವವನಿದ್ದ. ಈ ಸಲ ಏರದಿದ್ದರೆ ಹೋದ ಮೇಲೆ ತನ್ನ ಜೊತೆಯವರು ಕೂತು ಮಾತಾಡುವಾಗ ತಾನು ಚಿಕ್ಕವರ ಜೊತೆ ದಾರಿ ಸವರಬೇಕು ಎಂದ. ನಗುತ್ತಲೇ ಹೇಳಿದ, ಆದರೆ ಕೈಯಲ್ಲಿದ್ದ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡುತ್ತಾ ಸಡಿಲ ಮಾಡುತ್ತಾ ಇದ್ದ.

ಓರಗೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ತಿಂಗಳು ಚರ್ಚೆ ನಡೆದಿತ್ತು. ಹಿಂದಿನ ಕಾಲದಲ್ಲಿ ವ್ಯಾಪಾರಕ್ಕೆಂದು ದೂರದ ಊರಿಗೆ ಹೋದವರು ಆ ಊರಿನ ಓರಗೆಯವರನ್ನು ಸೇರಿಸಿಕೊಂಡು ಅಲ್ಲೇ ಕುಣಿಯುತ್ತಿದ್ದರಂತೆ, ನೋಡಿದವರು ಬಂದು ಸಾಕ್ಷಿ ಹೇಳುತ್ತಿದ್ದರಂತೆ. ಹಾಗಾದರೆ ವಿಡಿಯೊ ಸಾಕ್ಷಿ ಆಗಬಹುದು ಎಂದು ಹಿರಿಯರು ಒಪ್ಪಿದ್ದರು. ಷರತ್ತು ಎರಡು. ಒಬ್ಬನೇ ಕುಣಿದರೆ ಆಗದು, ಸಾಲಿನಲ್ಲಿ ಕಡಿಮೆ ಎಂದರೆ ಮೂವರು ಇರಬೇಕು. ಮತ್ತು ಪ್ರತಿಯೊಬ್ಬನೂ ಮುಂದೆ ಬಂದು ತಾನು ಹುಟ್ಟಿದ ವರ್ಷ ತನ್ನ ಊರಿನಲ್ಲಿ ಏನಾಯಿತೆಂದು ಹೇಳಬೇಕು. ಅವರಲ್ಲಿ ಹಿಂದೆ ವಯಸ್ಸಿನ ಲೆಕ್ಕ ಇದ್ದದ್ದೇ ಹಾಗೆ.

‘ನಾನು ಹುಟ್ಟಿದ ವರ್ಷ ಆನೆಯೊಂದು ಬಂದು ಶಾಲೆಯ ಗೋಡೆ ಬೀಳಿಸಿತು,’ ಎಂದ ಅವನು. ‘ನಿನ್ನದು ಏನು?’

‘ನೋಡಬೇಕು,’ ಎಂದೆ.

ನನ್ನದು ಏನೂ ಇರಲಿಲ್ಲ. ತೊಂದರೆ ಅಲ್ಲೇ ಇದ್ದದ್ದು.

ನನಗೆ ಒಬ್ಬ ಅಣ್ಣ. ನಿಜದಲ್ಲಿ ನನಗಿಂತ ಎರಡೂವರೆ ವರ್ಷ ದೊಡ್ಡವನು. ಅವನನ್ನು ಶಾಲೆಗೆ ಸೇರಿಸಲು ಹೋದ ದಿನ ನಾನು ಅಮ್ಮನ ಸೆರಗು ಬಿಡದೆ ಅತ್ತೆನಂತೆ. ‘ಇಬ್ಬರನ್ನೂ ಬಿಟ್ಟು ಹೋಗಿ, ಅಲ್ಲೇ ಕೂತಿರಲಿ’ ಎಂದು ಮೇಷ್ಟ್ರು ನನ್ನನ್ನೂ ರಿಜಿಸ್ಟರಿಗೆ ಹಾಕಿದರು. ವಯಸ್ಸು ಸಾಲದ್ದಕ್ಕೆ ಜೂನ್ ಒಂದು ಎಂದು ಒಂದು ತಾರೀಖು ಬರೆದರು. ಹೀಗಾಗಿ ಕಾಗದದಲ್ಲಿ ಅಣ್ಣನಿಗೂ ನನಗೂ ಏಳೇ ತಿಂಗಳ ಅಂತರ. ಪಾಸ್‌ಪೋರ್ಟ್ ಆಫೀಸಿನ ಗುಮಾಸ್ತರೊಬ್ಬರು ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು, ‘ನಿಮ್ಮ ತಾಯಿಯವರಿಗೆ ತುಂಬಾ ಅವಸರ ಇತ್ತಾ?’ ಎಂದು ಕೇಳಿದ್ದರು. ನಿಜವಾದ ತಾರೀಖು ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿದೆ. ಮದುವೆಯ ಸಮಯ ಪಾದ್ರಿಯವರು ತೆರೆದು ತೋರಿಸಿದ್ದರು. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಕಾಗದದಲ್ಲಿ ನಾನು ನನ್ನ ಗೆಳೆಯನ ಓರಗೆ, ನಿಜದಲ್ಲಿ ಅವನಿಗಿಂತ ಎರಡು ವರ್ಷ ಚಿಕ್ಕವನು. ಅವನ ಓರಗೆ ಅವನ ನಂತರದ ವರ್ಷಕ್ಕೇ ಮುಗಿಯುತ್ತದೆ.

ಇದರ ಪರಿಣಾಮವಾಗಿ ನಾನು ಬೆಳೆದದ್ದೆಲ್ಲ ಅಣ್ಣನ ಓರಗೆಯವರ ನಡುವೆ. ಬೆಂಚಿನ ತುದಿ ನನ್ನದು. ಕ್ರಿಕೆಟ್ಟಿನಲ್ಲಿ ಚೆಂಡು ಹುಡುಕುವವನು ನಾನು. ನನ್ನ ವಯಸ್ಸಿನವರು ಎರಡು ತರಗತಿ ಕೆಳಗಿದ್ದರು, ಅವರ ಜೊತೆ ಆಡಿದರೆ ನನಗೇ ಅವಮಾನ.

ಅಣ್ಣ ಹುಟ್ಟಿದ್ದರ ಬಗ್ಗೆ ಅಮ್ಮನ ಬಳಿ ಒಂದು ಕತೆಯಿದೆ. ಹೆರಿಗೆಗೆ ದೋಣಿಯಲ್ಲಿ ಹೊಳೆ ದಾಟಿ ಹೋದವಳು ಮಗುವನ್ನು ಎತ್ತಿಕೊಂಡು ಹೊಸ ಸೇತುವೆಯ ಮೇಲೆ ನಡೆದು ಬಂದಳು. ಆ ನಡುವೆ ಸೇತುವೆಯನ್ನು ಜನರಿಗೆ ಬಿಟ್ಟಿದ್ದರು. ಈ ಕತೆಯನ್ನು ನಾನು ನೂರು ಸಲ ಕೇಳಿದ್ದೇನೆ. ನಾನು ಹುಟ್ಟಿದಾಗ ಏನಾಯಿತು ಎಂದು ಕೇಳಿದರೆ ಅಮ್ಮ ಯೋಚಿಸುತ್ತಾಳೆ. ಪ್ರಾಮಾಣಿಕವಾಗಿಯೇ ಯೋಚಿಸುತ್ತಾಳೆ. ಆಮೇಲೆ, ‘ನೀನು ಹುಟ್ಟಿದಾಗ ಎಂತದೂ ಆಗ್ಲಿಲ್ಲ ಮಗಾ’ ಎನ್ನುತ್ತಾಳೆ.

ಸಾಲಿಗೆ ಇನ್ನಿಬ್ಬರು ಸಿಕ್ಕರು, ಇಬ್ಬರೂ ಅದೇ ವರ್ಷ ಹುಟ್ಟಿದವರು. ಸೇಫ್ಟಿ ವಿಭಾಗದ ಒಬ್ಬ ಮಲಯಾಳಿ, ಸೆಪ್ಟೆಂಬರಿನವನು. ಸ್ಟೋರಿನ ಒಬ್ಬ ಫಿಲಿಪಿನೊ, ನವೆಂಬರಿನವನು. ಗೆಳೆಯ ಜನವರಿಯವನು. ಹೀಗೆ ನಾಲ್ವರ ಸಾಲಿನಲ್ಲಿ ನಾನು ಎರಡನೆಯವನಾದೆ. ಮಲಯಾಳಿ ಅಂದಿನಿಂದಲೇ ನನ್ನನ್ನು ‘ಚೇಟ್ಟಾ’ ಎಂದು ಕರೆಯತೊಡಗಿದ, ಅಂದರೆ ಅಣ್ಣ. ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಒಬ್ಬರು ಅಣ್ಣ ಎಂದರು. ಅದು ಹಿತವಾಗಿತ್ತು ಎಂದು ಅಂದಿನ ಡೈರಿಯಲ್ಲಿದೆ.

ನಮಗೆ ಕಲಿಸಲು ಬಂದವಳು ಅವನ ಜನರ ಒಬ್ಬ ಹಿರಿಯ ನರ್ಸ್. ದೋಹಾದಲ್ಲಿ ಅವನಿಗೆ ಗೊತ್ತಿದ್ದ ಎಜಗಾಮ್ ಅವಳೊಬ್ಬಳೇ. ಮುಶೈರಿಬ್ ಹತ್ತಿರ ಮನೆ, ನಿವೃತ್ತಿಗೆ ಎರಡು ವರ್ಷ ಬಾಕಿ. ಅವನು ಅವಳನ್ನು ಮಮ್ಮಾ ಎನ್ನುತ್ತಿದ್ದ, ಆಮೇಲೆ ನಾವೆಲ್ಲರೂ ಹಾಗೇ ಕರೆದೆವು. ಶುಕ್ರವಾರ ಮಧ್ಯಾಹ್ನ ನಮ್ಮ ಕಾಂಪೌಂಡಿನ ಬ್ಯಾಡ್ಮಿಂಟನ್ ಹಾಲ್‌ನಲ್ಲಿ ಅಭ್ಯಾಸ. ಮೊದಲ ದಿನ ನಮ್ಮ ನಾಲ್ವರ ಸೊಂಟಗಳನ್ನು ಒಮ್ಮೆ ನೋಡಿ ಅವಳು ಹೇಳಿದಳು, ‘ಇವರಲ್ಲಿ ಇಬ್ಬರಿಗೆ ಮೊದಲು ಎಕ್ಸ್-ರೇ ಆಗಬೇಕು.’

ಕಾಲಿಗೆ ಕಟ್ಟುವ ಒಣಬೀಜದ ಗೆಜ್ಜೆ ಇಲ್ಲಿ ಸಿಗುವುದಿಲ್ಲ. ಗೆಳೆಯ ಸೂಕ್ ವಾಕಿಫ್‌ಗೆ ಹೋಗಿ ಗಿಡುಗ ಮಾರುವ ಅಂಗಡಿಗಳಲ್ಲಿ ಹುಡುಕಿ, ಗಿಡುಗದ ಕಾಲಿಗೆ ಕಟ್ಟುವ ಪುಟ್ಟ ಗಂಟೆಗಳನ್ನು ತಂದ. ಮಮ್ಮಾ ಒಂದನ್ನು ಕಿವಿಯ ಹತ್ತಿರ ಆಡಿಸಿ, ‘ಹಕ್ಕಿ ಕುಣಿಯುವುದಾದರೆ ಇದು ಸಾಕು’ ಎಂದಳು. ಕೊನೆಗೆ ಅವಳೇ ಮಾತ್ರೆಯ ಖಾಲಿ ಡಬ್ಬಿಗಳನ್ನು ತಂದಳು. ಒಳಗೆ ಕಡಲೆ ಹಾಕಿದರೆ ದಪ್ಪ ಸದ್ದು, ಅಕ್ಕಿ ಹಾಕಿದರೆ ಸದ್ದೇ ಇಲ್ಲ. ನೋಡುತ್ತಿದ್ದ ನನ್ನ ಹೆಂಡತಿ ಮನೆಗೆ ಹೋಗಿ ಊರಿನಿಂದ ತಂದಿಟ್ಟಿದ್ದ ಹುರುಳಿಯ ಪೊಟ್ಟಣ ತಂದಳು. ಹುರುಳಿ ಸರಿಯಾಯಿತು. ಮಮ್ಮಾ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದಳು.

‘ನಮ್ಮ ಮದುವೆಯ ದಿನ ಬ್ಯಾಂಡ್ ಬಾರಿಸುವಾಗ ಕಂಬದ ಹಾಗೆ ನಿಂತಿದ್ರಿ,’ ಎಂದಳು ಹೆಂಡತಿ ಮನೆಗೆ ಬರುವ ದಾರಿಯಲ್ಲಿ. ‘ಈಗ ನೋಡಿದ್ರೆ ಕಾಲಿಗೆ ಹುರುಳಿ ಕಟ್ಟಿ ಕುಣೀತೀರಿ. ಮಂಡೆ ಸಮ ಉಂಟಾ?’

‘ಅವನಿಗೆ ಬೇಕಾಗಿದೆ.’

‘ಅವನಿಗೆ ಬೇಕು, ಅದು ಗೊತ್ತಾಯ್ತು. ನಿಮಗೆ ಎಂತಕ್ಕೆ ಬೇಕು?’

ನಮ್ಮವರ ಸಂಘದ ವಾರ್ಷಿಕ ಕಾರ್ಯಕ್ರಮದಲ್ಲಿ ಪ್ರತಿ ವರ್ಷ ಯಾರೋ ಬಾಡಿಗೆಯ ಹುಲಿವೇಷ ತೊಟ್ಟು ಮೂರು ನಿಮಿಷ ಕುಣಿಯುತ್ತಾರೆ, ಮುಂದಿನ ಸಾಲಿನ ಅತಿಥಿಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಚಪ್ಪಾಳೆ ತಟ್ಟುತ್ತೇನೆ. ಯಾರು ಯಾರ ಮುಂದೆ ಕುಣಿದರು, ಕುಣಿದದ್ದರಿಂದ ಏನು ಬದಲಾಯಿತು ಎಂದು ಯಾರೂ ಕೇಳುವುದಿಲ್ಲ. ಬ್ಯಾಡ್ಮಿಂಟನ್ ಹಾಲ್‌ನಲ್ಲಿ ಮಮ್ಮಾ ಅದೊಂದನ್ನೇ ಕೇಳುತ್ತಿದ್ದಳು. ಹೆಜ್ಜೆ ತಪ್ಪಿದರೆ ಬಿಡುತ್ತಿದ್ದಳು. ಸಾಲು ತಪ್ಪಿದರೆ ಹಾಡನ್ನೇ ನಿಲ್ಲಿಸಿ, ‘ನಿನ್ನ ಮುಂದೆ ಯಾರು? ನಿನ್ನ ಹಿಂದೆ ಯಾರು?’ ಎಂದು ಕೇಳುತ್ತಿದ್ದಳು.

ಆ ಪ್ರಶ್ನೆ ಬಂದಾಗಲೆಲ್ಲ ನನ್ನ ಬೆನ್ನು ಬಿಸಿಯಾಗುತ್ತಿತ್ತು ಎಂದು ಈಗ ಬರೆಯಲು ಹೊರಟಿದ್ದೆ. ಹಾಗೇನಾದರೂ ಆಗಿತ್ತೇ? ಗೊತ್ತಿಲ್ಲ. ತಪ್ಪು ಮಾಡಿದವನಿಗೆ ಆಗಲೇ ಕಸಿವಿಸಿ ಆಗಿತ್ತು ಎಂದರೆ ಕೇಳಲು ಚೆನ್ನಾಗಿರುತ್ತದೆ.

ವಿಡಿಯೊ ತೆಗೆದದ್ದು ಹಬ್ಬದ ಹಿಂದಿನ ವಾರದ ಶುಕ್ರವಾರ. ಸೊಂಟಕ್ಕೆ ನೀಲಿ ಬಟ್ಟೆ, ಕಾಲಿಗೆ ಹುರುಳಿ ಡಬ್ಬಿ. ಹೆಂಡತಿ ಫೋನು ಹಿಡಿದಿದ್ದಳು. ಮಮ್ಮಾ ಹಾಡಿದಳು. ದನಿ ಒಡೆದಿತ್ತು, ಆದರೆ ಹಾಲ್ ತುಂಬಿತು. ಮೊಣಕಾಲು ಬಗ್ಗಿಸಿ, ಭುಜ ಅಲುಗಿಸಿ, ಹೆಜ್ಜೆಗೆ ಹೆಜ್ಜೆ ಅಂಟಿಸಿ ಮುಂದೆ ಹೋಗಬೇಕು. ಎದುರಿನವನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಗೆಳೆಯನ ಬೆನ್ನು ಅಂದು ನಾನು ಆರು ವರ್ಷ ಬಸ್ಸಿನಲ್ಲಿ ನೋಡಿದವನ ಬೆನ್ನಾಗಿರಲಿಲ್ಲ. ಅವನು ಮುಂದೆ ಬಂದು ಆನೆಯ ವಿಷಯ ಹೇಳಿದ. ಆಮೇಲೆ ನನ್ನ ಸರದಿ.

‘ನಾನು ಹುಟ್ಟಿದ ವರ್ಷ,’ ಎಂದೆ, ‘ನಮ್ಮ ಊರಿನ ಹೊಳೆಗೆ ಸೇತುವೆಯಾಯಿತು. ನನ್ನ ತಾಯಿ ದೋಣಿಯಲ್ಲಿ ಹೋಗಿ, ನನ್ನನ್ನು ಎತ್ತಿಕೊಂಡು ಸೇತುವೆಯ ಮೇಲೆ ಬಂದಳು.’

ಬಾಯಿ ತಪ್ಪಿ ಬಂದದ್ದು ಎಂದು ನಾನು ಎಲ್ಲರಿಗೂ ಹೇಳಿದ ಮಾತು ಇದು. ಕ್ಯಾಮೆರಾ ಮುಂದೆ ಗಾಬರಿಯಾಯಿತು, ತಲೆಗೆ ಹೊಳೆದದ್ದು ಆ ಕತೆ ಎಂದು. ಆದರೆ ವಿಡಿಯೊಗೆ ಎರಡು ದಿನ ಮೊದಲಿನ ಪುಟದಲ್ಲಿ ಸಾಮಾನು ತರುವ ಪಟ್ಟಿಯ ಕೆಳಗೆ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಶುಕ್ರವಾರ: ಸೇತುವೆ ಹೇಳುವುದು. ದೋಣಿಯನ್ನೂ ಸೇರಿಸಬೇಕು.’

ದೋಣಿಯನ್ನೂ ಸೇರಿಸಬೇಕು. ಆ ವಾಕ್ಯ ಓದಿ ಪುಸ್ತಕ ಮುಚ್ಚಿಟ್ಟೆ. ಎರಡು ದಿನ ತೆರೆಯಲಿಲ್ಲ.

ಮಲಯಾಳಿ ತನ್ನ ಊರಿನ ಬಾವಿಗೆ ಬಿದ್ದ ಬಸ್ಸಿನ ಬಗ್ಗೆ ಹೇಳಿದ. ‘ಬಾವಿಗೆ ಬಸ್ಸು ಹೇಗೆ ಬೀಳುತ್ತದೆ?’ ಎಂದು ಮಮ್ಮಾ ಹಾಡು ಬಿಟ್ಟು ಕೇಳಿದಳು. ‘ದೊಡ್ಡ ಬಾವಿ, ಮಮ್ಮಾ,’ ಎಂದ. ಫಿಲಿಪಿನೊ ತನ್ನ ವರ್ಷದ ಬಿರುಗಾಳಿಯ ಬಗ್ಗೆ ಹೇಳಿದ. ಕೊನೆಯಲ್ಲಿ ಗೆಳೆಯ ಗೋಡೆಯ ಪಕ್ಕದಲ್ಲಿದ್ದ ಸ್ಟೂಲನ್ನು ತಾನೇ ತಂದು ಇಟ್ಟುಕೊಂಡು ಕೂತ. ಏರಿದವನು ಕೂರುವುದು ಅದರ ಅರ್ಥ. ವಿಡಿಯೊ ಹೋಯಿತು. ಹಬ್ಬದ ದಿನ ಊರಿನ ಮುಂದೆ ತೋರಿಸಿದರು, ಒಪ್ಪಿದರು. ಮರುದಿನ ಬಸ್ಸಿನಲ್ಲಿ ಅವನು ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಕೂತ. ‘ಯಲ್ಲಾ, ಇನ್ನು ನನಗೆ ದಾರಿ ಸವರುವ ಕೆಲಸ ಖಲಾಸ್,’ ಎಂದ.

ಅದೇ ವಾರ ನಮ್ಮ ಮನೆಯಲ್ಲಿ ತೆನೆ ಹಬ್ಬದ ಹೊಸ ಅಕ್ಕಿಯ ಪಾಯಸ. ಊರಿನಿಂದ ಬಂದವರೊಬ್ಬರ ಕೈಯಲ್ಲಿ ಚರ್ಚಿನಲ್ಲಿ ಆಶೀರ್ವಾದವಾದ ತೆನೆಯನ್ನು ಅಣ್ಣ ಕಳಿಸಿದ್ದ. ತಲುಪಿತು ಎಂದು ಹೇಳಲು ವಿಡಿಯೊ ಕಾಲ್ ಮಾಡಿದಾಗ ಅಣ್ಣ ಬಿದ್ದು ಬಿದ್ದು ನಗುತ್ತಿದ್ದ. ಹೆಂಡತಿ ನಮ್ಮ ಕುಣಿತವನ್ನು ಮನೆಯವರ ಗುಂಪಿಗೆ ಹಾಕಿದ್ದಳು.

‘ಅಲ್ಲ ಮಾರಾಯ, ಆ ಸೇತುವೆ ನಂದಲ್ವಾ?’

‘ಸುಮ್ಮನೆ ಹೇಳಿದ್ದು.’

‘ನನ್ನ ಅಂಗಿ ಹಾಕಿದೆ, ನನ್ನ ಪುಸ್ತಕ ಓದಿದೆ, ನನ್ನ ಕ್ಲಾಸಿಗೆ ಬಂದು ಕೂತೆ. ಈಗ ನನ್ನ ಸೇತುವೆಯನ್ನೂ ಆಫ್ರಿಕಾಕ್ಕೆ ಕೊಟ್ಟೆಯಾ?’ ಅಣ್ಣ ನಗುತ್ತಲೇ ಇದ್ದ. ಪಕ್ಕದಲ್ಲಿದ್ದ ಅಮ್ಮ ನಗಲಿಲ್ಲ. ‘ಅವನಿಗೆ ಒಂದೂ ಇರ್ಲಿಲ್ಲ ಅಲ್ವಾ, ತೆಗೊಳ್ಳಲಿ ಬಿಡು,’ ಎಂದಳು.

ಅಣ್ಣನ ತಮಾಷೆ ನನ್ನನ್ನು ಮುಟ್ಟಲಿಲ್ಲ. ಅಮ್ಮನ ಕರುಣೆ ಮುಟ್ಟಿತು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಗೆಳೆಯನಿಗೆ ಎಲ್ಲವನ್ನೂ ಹೇಳಿದೆ. ಮೇಷ್ಟ್ರು, ಜೂನ್ ಒಂದು, ಚರ್ಚಿನ ಪುಸ್ತಕ, ಸೇತುವೆ. ಕುಣಿತಕ್ಕೆ ಮೊದಲೇ ಹೇಳಿದ್ದೆ, ಅವನು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದು ನನ್ನ ತಲೆಯಲ್ಲಿ ಇನ್ನೊಂದು ಆವೃತ್ತಿಯೂ ಇದೆ. ಅದು ರದ್ದಾದ ಪ್ರತಿ. ತೆಗೆದಿಟ್ಟಿದ್ದೇನೆ.

‘ಪಾಸ್‌ಪೋರ್ಟ್ ತಪ್ಪಿರುವುದು ತಪ್ಪಲ್ಲ,’ ಎಂದ ಅವನು. ‘ನಮ್ಮಲ್ಲೂ ಎಷ್ಟೋ ಜನರದ್ದು ತಪ್ಪಿದೆ. ಅದಕ್ಕೇ ನಾವು ಕಾಗದ ಕೇಳುವುದಿಲ್ಲ, ಏನಾಯಿತು ಎಂದು ಕೇಳುತ್ತೇವೆ. ನೀನು ಅಲ್ಲಿ ಸುಳ್ಳು ಹೇಳಿದೆ.’

‘ಹೌದು.’

‘ನಿನಗಿಂತ ದೊಡ್ಡವರಿಬ್ಬರ ಮುಂದೆ ನಿಂತೆ.’

‘ಹೌದು.’

‘ನಾನು ಹೇಳಲೇಬೇಕಾಗುತ್ತದೆ.’

ಹೇಳಬೇಡ ಎಂದು ನಾನು ಹೇಳಿದೆ. ಇದು ಡೈರಿಯಲ್ಲೂ ಇದೆ, ನೆನಪಿನಲ್ಲೂ ಇದೆ, ಎರಡೂ ಒಂದೇ ಆಗಿವೆ. ಹಿರಿಯರು ಒಪ್ಪಿಯಾಗಿದೆ, ಯಾರಿಗೂ ಗೊತ್ತಾಗುವುದಿಲ್ಲ, ನಿನ್ನ ಜಾಗ ಹೋದರೆ ಏನು ಮಾಡುತ್ತೀಯಾ ಎಂದೆ. ಅವನಿಗಾಗಿ ಹೇಳಿದೆನೋ, ನನ್ನ ಮುಖ ಉಳಿಯಲೆಂದು ಹೇಳಿದೆನೋ. ಅವನು, ‘ಅಲ್ಲಿ ಕೂತ ಮೇಲೆ ಬೇರೆಯವರ ಜಗಳದಲ್ಲಿ ನಾನು ನ್ಯಾಯ ಹೇಳಬೇಕು, ಬ್ರದರ್,’ ಎಂದಷ್ಟೇ ಹೇಳಿದ. ಮರುದಿನದಿಂದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತ. ವಾರಗಟ್ಟಲೆ ಹಾಗೇ ನಡೆಯಿತು. ಎಡಗಡೆಯ ನಾಲ್ಕನೇ ಸಾಲಿನಲ್ಲಿ ನನ್ನ ಪಕ್ಕ ನನ್ನ ಊಟದ ಚೀಲ ಕೂತಿತ್ತು.

ಅದರ ಮೊದಲ ಹತ್ತು ದಿನಗಳಲ್ಲಿ ಏನು ನಡೆಯಿತೆಂದು ಆಮೇಲೆ ಮಮ್ಮಾ ಹೇಳಿದಳು. ಅವನು ಹಿರಿಯರಿಗೆ ತಿಳಿಸಿದ. ಅವರು ಅವನ ಏರಿಕೆಯನ್ನು ತಡೆಹಿಡಿದರು. ಅವನ ಓರಗೆಯವರು ಸಭೆಯಲ್ಲಿ ಕೂತರು, ಅವನ ಹೆಸರು ಕರೆಯಲಿಲ್ಲ. ಒಬ್ಬ ಹಿರಿಯ ಕೇಳಿದನಂತೆ, ‘ಆ ಮನುಷ್ಯ ಹೇಳಿದ ಸೇತುವೆ ಯಾರದ್ದು?’ ‘ಅವನ ಅಣ್ಣನದ್ದು.’ ‘ಅವನು ನಿಜವಾಗಿ ಹುಟ್ಟಿದ ವರ್ಷ ಏನಾಯಿತು?’ ‘ಏನೂ ಆಗಲಿಲ್ಲವಂತೆ.’ ಅಲ್ಲಿ ಕೂತವರೆಲ್ಲ ನಕ್ಕರಂತೆ. ಆಮೇಲೆ ಮತ್ತೆ ಕುಣಿಯಲು ಹೇಳಿದರು. ಸರಿಯಾದ ಸಾಲಿನಲ್ಲಿ, ಪ್ರತಿಯೊಬ್ಬನೂ ತನ್ನದೇ ವರ್ಷ ಹೇಳಿ.

‘ಹಾಗಾದರೆ ನಾನು ಬರುವುದು ಬೇಡ,’ ಎಂದೆ. ‘ಮೂವರಿದ್ದಾರಲ್ಲ.’

ಮಮ್ಮಾ ಫೋನಿನಲ್ಲಿ ಕೇಳಿದಳು, ‘ಏರುವವನ ಸ್ಟೂಲು ಹೊತ್ತು ತರುವುದು ಯಾರು ಗೊತ್ತಾ? ಅವನ ಕೆಳಗಿನ ಓರಗೆಯವನು. ಹೋದ ಸಲ ಅವನೇ ತನ್ನ ಸ್ಟೂಲು ತಂದ. ಮರುಗಿದೆ, ಆದರೆ ಇಲ್ಲಿ ಚಿಕ್ಕವರು ಯಾರಿದ್ದರು ಎಂದು ಸುಮ್ಮನಾದೆ. ನೀನು ಇದ್ದೆ. ಮುಂದೆ ನಿಂತು ಭುಜ ಅಲುಗಿಸುತ್ತಿದ್ದೆ.’

ಇದನ್ನು ಕೇಳಿ ನನಗೆ ಸಮಾಧಾನವಾಯಿತು ಎಂದು ಬರೆದರೆ ಪೂರ್ತಿ ನಿಜವಾಗದು. ಸಾಲಿನ ಎಣಿಕೆಯಲ್ಲಿ ನಾನಿಲ್ಲ ಎನ್ನುವುದು ಸ್ವಲ್ಪ ಚುಚ್ಚಿತು. ಮತ್ತೆ ಬೆಂಚಿನ ತುದಿ, ಮತ್ತೆ ಚೆಂಡು ಹುಡುಕುವ ಕೆಲಸ. ಹೆಂಡತಿಗೆ ಹೇಳಿದೆ. ಅವಳು ಹುರುಳಿ ನೆನೆಹಾಕುತ್ತಿದ್ದಳು, ಡಬ್ಬಿಗಳಿಗೆ ಬೇಕಾಗಬಹುದು ಎಂದು ಒಂದು ಹಿಡಿ ತೆಗೆದಿಟ್ಟಳು.

‘ಅಲ್ಲಿ ಶಾಲೆಯಲ್ಲಿ ನಿಮ್ಮನ್ನು ಸುಳ್ಳು ವಯಸ್ಸು ಬರೆದು ಕೂರಿಸಿದ್ರು,’ ಎಂದಳು. ‘ಇಲ್ಲಿ ನಿಜ ವಯಸ್ಸು ಕೇಳಿ ಕರೀತಾರೆ. ಎರಡೂ ಒಂದೇ ಆಗ್ತದಾ?’

ಎರಡನೇ ಸಲ ಕುಣಿದದ್ದು ನವೆಂಬರಿನಲ್ಲಿ. ಶಟ್‌ಡೌನ್ ಮುಗಿದಿತ್ತು, ಗಾಳಿ ತಣ್ಣಗಾಗಿತ್ತು. ಕಾಂಪೌಂಡಿನ ಹಿಂದಿನ ಅಂಗಳದಲ್ಲಿ ಸಂಜೆ ನಾಲ್ಕಕ್ಕೆ ಸೇರಿದೆವು. ಮಲಯಾಳಿಗೆ ವಿಷಯ ತಿಳಿದಿತ್ತು. ನನ್ನನ್ನು ನೋಡಿದ ಕೂಡಲೇ, ‘ಎಂದಾ ಮೋನೆ, ಸುಖಮಾಣೋ?’ ಎಂದ. ಏನು ಮಗನೇ, ಸೌಖ್ಯವೇ ಎಂದು. ಒಂದೂವರೆ ತಿಂಗಳು ತನ್ನಿಂದ ಚೇಟ್ಟಾ ಎನ್ನಿಸಿಕೊಂಡದ್ದಕ್ಕೆ ಅವನು ಬಡ್ಡಿ ಸಮೇತ ವಸೂಲಿ ಮಾಡಿದ. ಫಿಲಿಪಿನೊಗೆ ಮಾತ್ರ ಸಿಟ್ಟಿತ್ತು. ಅವನ ಮೊಣಕಾಲು ಮೊದಲ ಕುಣಿತದ ನಂತರ ಇನ್ನೂ ಸರಿಯಾಗಿರಲಿಲ್ಲ. ‘ಮೂರನೇ ಸಲ ಇದ್ದರೆ ನಾನು ಸತ್ತೆ ಎಂದು ಹೇಳಿ,’ ಎಂದ.

ಗೆಳೆಯ ನನ್ನ ಹತ್ತಿರ ಬರಲಿಲ್ಲ. ದೂರದಿಂದ ತಲೆಯಾಡಿಸಿದ.

ಮೂವರು ಸಾಲಾದರು. ನಾನು ಸ್ಟೂಲು ಹಿಡಿದು ಎಲ್ಲರ ಹಿಂದೆ ನಿಂತೆ. ಬಿಳಿ ಪ್ಲಾಸ್ಟಿಕ್ ಸ್ಟೂಲು, ನಮ್ಮ ಅಡುಗೆಮನೆಯದು. ಮಮ್ಮಾ ಹಾಡು ಎತ್ತಿದಳು. ಹಿಂದಿನಿಂದ ನೋಡಿದಾಗ ಮೂರು ಬೆನ್ನುಗಳೂ ಒಟ್ಟಿಗೆ ಕಾಣುತ್ತಿದ್ದವು, ಒಂದು ಬಾಗಿದರೆ ಇನ್ನೊಂದು ಬಾಗುತ್ತಿತ್ತು. ಎರಡನೆಯ ಜಾಗದಿಂದ ಇದು ಕಂಡಿರಲಿಲ್ಲ. ಆನೆ, ಬಾವಿಗೆ ಬಿದ್ದ ಬಸ್ಸು, ಬಿರುಗಾಳಿ ಆದವು. ಹಾಡು ನಿಲ್ಲದೆ ಮುಂದುವರಿಯಿತು. ಮಮ್ಮಾ ನನ್ನ ಕಡೆ ಗಲ್ಲ ಎತ್ತಿದಳು. ಸ್ಟೂಲು ಹೊರುವವನೂ ಹೇಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ಸ್ಟೂಲು ಎದೆಗವುಚಿಕೊಂಡು ಮುಂದೆ ಬಂದೆ. ‘ನಾನು ಇವರಿಗಿಂತ ಎರಡು ವರ್ಷ ಚಿಕ್ಕವನು,’ ಎಂದೆ. ‘ನಾನು ಹುಟ್ಟಿದ ವರ್ಷ ನಮ್ಮ ಊರಿನಲ್ಲಿ ಏನೂ ಆಗಲಿಲ್ಲ. ಅಮ್ಮನನ್ನು ಕೇಳಿದ್ದೇನೆ.’

ಮಮ್ಮಾ ಅದನ್ನು ತನ್ನ ಭಾಷೆಗೆ ತಿರುಗಿಸಿ ಹಾಡಿನೊಳಗೆ ಸೇರಿಸಿದಳು. ಏನು ಸೇರಿಸಿದಳೆಂದು ನನಗೆ ಗೊತ್ತಾಗಲಿಲ್ಲ, ಗೆಳೆಯ ಮಾತ್ರ ಕುಣಿಯುತ್ತಲೇ ನಕ್ಕ. ಆಮೇಲೆ ಕೇಳಿದಾಗ ಹೇಳಿದ: ‘ಯಾರೂ ಸಾಯದ, ಏನೂ ಬೀಳದ ವರ್ಷ ಹುಟ್ಟಿದವನು ಸ್ಟೂಲು ತಂದಿದ್ದಾನೆ, ಕೂತುಕೋ.’

ಸ್ಟೂಲು ಇಟ್ಟೆ. ಅಂಗಳ ಸಮತಟ್ಟಾಗಿರಲಿಲ್ಲ, ಒಂದು ಕಾಲು ಅಲುಗಾಡುತ್ತಿತ್ತು. ಅವನು ಕೂತಾಗ ಸ್ಟೂಲು ವಾಲಿತು. ನಾನು ಬಗ್ಗಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ, ಹಾಡು ಮುಗಿಯುವವರೆಗೆ ಬಿಡಲಿಲ್ಲ ಎಂದು ನನ್ನ ನೆನಪು. ಎರಡು ವಾರಗಳ ನಂತರ ಅವನ ಊರಿನ ಸಭೆಯಲ್ಲಿ ಅವನ ಹೆಸರು ಕರೆದರು. ಅವನು ನಾಲ್ಕನೇ ಸಾಲಿಗೆ ವಾಪಸು ಬಂದು, ನನ್ನ ಊಟದ ಚೀಲ ಎತ್ತಿ ನನ್ನ ತೊಡೆಯ ಮೇಲಿಟ್ಟು ಕೂತ.

ಇದನ್ನು ಬರೆಯುವ ಮುಂಚೆ ಆ ಎರಡನೇ ವಿಡಿಯೊವನ್ನೂ ನೋಡಿದೆ. ನಾನು ಸ್ಟೂಲನ್ನು ಕೈಯಲ್ಲಿ ಹಿಡಿದಿಲ್ಲ. ಸ್ಟೂಲು ವಾಲಿದಾಗ ನನ್ನ ಎಡಗಾಲು ಮುಂದೆ ಹೋಗುತ್ತದೆ, ಸ್ಟೂಲಿನ ಕಾಲಿನ ಕೆಳಗೆ ಚಪ್ಪಲಿಯ ತುದಿಯನ್ನು ಒತ್ತಿ ಇಡುತ್ತದೆ. ನಾನು ನೆಟ್ಟಗೆ ನಿಂತು ಬೇರೆಲ್ಲೋ ನೋಡುತ್ತಿದ್ದೇನೆ. ಹಾಡು ಮುಗಿಯುವವರೆಗೆ ಕಾಲನ್ನು ತೆಗೆದಿಲ್ಲ, ಅದೊಂದು ನಿಜ.